ಅಂಗಡಿ ಹುಡುಗನನ್ನು ಬೈಯಬೇಡಿ, ಕಾರ್ಟನ್ ಒಳಗಿನ ಲೆಕ್ಕ ನೋಡಿ

ಆಟಿಕೆ ಅಂಗಡಿಯ ಖಾಲಿ ಕೊಕ್ಕೆಗಳ ಫೋಟೊ ಹಾಕಿ, "ಒಳ್ಳೆ ಫಿಗರ್‌ಗಳನ್ನೆಲ್ಲ ಅಂಗಡಿಯವರು ಗೋಡೌನ್‌ನಲ್ಲಿ ಬಚ್ಚಿಟ್ಟಿದ್ದಾರೆ" ಅನ್ನೋ ಪೋಸ್ಟ್ ಇವತ್ತು ಮತ್ತೆ ಕಣ್ಣಿಗೆ ಬಿತ್ತು. ಕೆಳಗೆ ನೂರಾರು ಜನರ ಹೌದಪ್ಪ ಬೇರೆ. ನನಗೆ ನಿಜಕ್ಕೂ ಸಿಟ್ಟು ಬಂತು. ಅಲ್ಲಿ ಇಲ್ಲದ ಗೊಂಬೆ ಬಹುಪಾಲು ಆ ಅಂಗಡಿಗೆ ಬಂದೇ ಇರೋದಿಲ್ಲ, ಬಂದಿದ್ದರೂ ಒಂದೋ ಎರಡೋ ಅಷ್ಟೆ. ಅದನ್ನು ತೀರ್ಮಾನಿಸಿದ್ದು ಕೌಂಟರಿನಲ್ಲಿ ನಿಂತ ಹುಡುಗನಲ್ಲ, ಕಂಪನಿ.

ಆಕ್ಷನ್ ಫಿಗರ್‌ಗಳನ್ನು, ಅಂದರೆ ಸಿನಿಮಾ-ಕಾಮಿಕ್ಸ್ ಪಾತ್ರಗಳ ಗೊಂಬೆಗಳನ್ನು, ಅಂಗಡಿಯವರು ಸಾಮಾನ್ಯವಾಗಿ ಬಿಡಿಯಾಗಿ ಆರಿಸಿ ತರಿಸೋಕೆ ಆಗೋದಿಲ್ಲ. ಕಂಪನಿ ತುಂಬಿ ಕೊಟ್ಟ ಸೀಲ್ಡ್ ಕಾರ್ಟನ್ ಅನ್ನೇ ತಗೋಬೇಕು. ಯಾವ ಪಾತ್ರ ಎಷ್ಟು ಅನ್ನೋದು ಫ್ಯಾಕ್ಟರಿಯಲ್ಲೇ ನಿಗದಿ. ಉದಾಹರಣೆಗೆ 12 ಫಿಗರ್‌ಗಳ ಕಾರ್ಟನ್ ಅಂದುಕೊಳ್ಳಿ: ನಾಯಕ 4, ವಿಲನ್ 3, ಸೈನಿಕ 2, ಗೆಳೆಯ 2, ನಾಯಕಿ 1. ಆ ಒಂದೇ ಒಂದು ಇದೆಯಲ್ಲ, ಅದಕ್ಕೇ ಸಂಗ್ರಾಹಕರು ಶಾರ್ಟ್‌ಪ್ಯಾಕ್ ಅನ್ನೋದು. ಊರಲ್ಲಿ 10 ಜನಕ್ಕೆ ನಾಯಕಿ ಬೇಕಿದ್ದರೆ ಅಂಗಡಿಯವರು 10 ಕಾರ್ಟನ್ ತರಿಸಬೇಕು. ಅಂದರೆ 120 ಫಿಗರ್, ಅದರಲ್ಲಿ 40 ನಾಯಕ, 30 ವಿಲನ್. ಯಾವ ಅಂಗಡಿ ಈ ಹೊರೆ ಹೊರುತ್ತೆ ಹೇಳಿ?

ಇದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯುತ್ತೆ. 3 ಕಾರ್ಟನ್ ತೆಗೆದು 36 ಫಿಗರ್ ನೇತುಹಾಕಿದರು ಅನ್ನೋಣ. ಮೂರು ನಾಯಕಿಯರು ಮೊದಲ ದಿನವೇ ಖಾಲಿ. ಸೈನಿಕರೂ ಬೇಗ ಹೋಗ್ತಾರೆ, ದಂಡು ಕಟ್ಟುವವರು ಒಬ್ಬೊಬ್ಬರೇ ನಾಲ್ಕೈದು ಒಯ್ಯುತ್ತಾರೆ. ಕೊನೆಗೆ ಕೊಕ್ಕೆಯಲ್ಲಿ 7 ನಾಯಕ, 5 ವಿಲನ್ ಉಳಿದರು. ಹಲವು ಸರಣಿಗಳಲ್ಲಿ ಎಲ್ಲ ಪಾತ್ರಗಳಿಗೂ ಒಂದೇ ಬಾರ್‌ಕೋಡ್ ಇರುತ್ತೆ. ಹಾಗಾಗಿ ಕಂಪ್ಯೂಟರಿಗೆ ಕಾಣೋದು "ಸ್ಟಾಕ್ 12" ಅಂತ ಮಾತ್ರ. ಯಾರು ಹೋದರು, ಯಾರು ಉಳಿದರು ಅನ್ನೋದು ಅದಕ್ಕೆ ಗೊತ್ತೇ ಆಗೋದಿಲ್ಲ. ಮಾಲು ಇದೆ ಅಂತ ಹೊಸ ಆರ್ಡರ್ ಹೋಗೋದಿಲ್ಲ. ಆರ್ಡರ್ ಹೋಗದಿದ್ದರೆ ಮುಂದಿನ ವೇವ್, ಅಂದರೆ ಸರಣಿಯ ಮುಂದಿನ ಕಂತು, ಆ ಅಂಗಡಿಗೆ ಬರೋದೇ ಇಲ್ಲ. ಅದರಲ್ಲಿದ್ದ ಪಾತ್ರಗಳೂ ಅಪರೂಪ ಆಗ್ತವೆ, ಅವು ಶಾರ್ಟ್‌ಪ್ಯಾಕ್ ಅಲ್ಲದಿದ್ದರೂ.

ಮಾರ್ವೆಲ್ ಲೆಜೆಂಡ್ಸ್ ಅನ್ನೋ ಸೂಪರ್‌ಹೀರೋ ಗೊಂಬೆ ಸರಣಿ ಕೂಡಿಸೋರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. 2005ರಲ್ಲಿ ಟಾಯ್ ಬಿಜ್ ಕಂಪನಿ ಗ್ಯಾಲಕ್ಟಸ್ ಅನ್ನೋ ದೈತ್ಯ ಪಾತ್ರದಿಂದ ಶುರುಮಾಡಿದ ಪದ್ಧತಿ: ಒಂದೊಂದು ಫಿಗರ್ ಜೊತೆ ದೊಡ್ಡ ಗೊಂಬೆಯ ಒಂದೊಂದು ಭಾಗ. ಎಲ್ಲವನ್ನೂ ಕೊಂಡರೆ ದೊಡ್ಡದು ತಯಾರು. ಮುಂದೆ ಈ ಸರಣಿ ಮಾಡಿದ ಹ್ಯಾಸ್ಬ್ರೋ ಕಂಪನಿ ಕೂಡ ಅದನ್ನೇ ಮುಂದುವರಿಸಿತು. ಎಡಗಾಲು ಇರೋ ಪಾತ್ರವೇ ಶಾರ್ಟ್‌ಪ್ಯಾಕ್ ಆದರೆ? ಆ ಪಾತ್ರ ಬೇಡವಾದವನೂ ಕಾಲಿಗಾಗಿ ಅದರ ಹಿಂದೆ ಬೀಳಬೇಕು. ಇನ್ನು ಕೆಲವರು ಕಾಲು ತೆಗೆದುಕೊಂಡು, ಪ್ಯಾಕ್ ಒಳಗೆ ಬೇರೆ ಹಳೇ ಗೊಂಬೆ ಇಟ್ಟು ವಾಪಸ್ ಕೊಡ್ತಾರೆ. ಪ್ಲಾಸ್ಟಿಕ್ ಗುಳ್ಳೆಯ ಅಂಚಿನಲ್ಲಿ ಅಂಟು ಎರಡು ಸಲ ಹಾಕಿದ ಗುರುತು ಇದ್ದರೆ ಕೊಳ್ಳಬೇಡಿ.

ಕಂಪನಿ ಪರ ವಾದ ಮಾಡೋರೂ ಇದ್ದಾರೆ. ಅಚ್ಚು ಮಾಡಿಸಿ, ಕಾರ್ಟನ್ ಲೆಕ್ಕ ಹಾಕೋದು ಬಹಳ ತಿಂಗಳು ಮುಂಚೆ, ಸಿನಿಮಾ ಬರೋಕೆ ಮೊದಲೇ ಯಾವ ಪಾತ್ರ ಚೆನ್ನಾಗಿ ಮಾರಾಟ ಆಗುತ್ತೆ ಅಂತ ಹೇಗೆ ಗೊತ್ತಾಗಬೇಕು ಅಂತ. ಮೊದಲ ಸಾಗಣೆಗೆ ಈ ಮಾತು ಒಪ್ಪೋಣ. ಎರಡನೇ ಸಾಗಣೆಗೆ? ಅನುಪಾತ ಬದಲಿಸಿದ ಕಾರ್ಟನ್ ಕಳಿಸೋ ರೂಢಿ ಈ ಉದ್ಯಮದಲ್ಲಿ ಇದ್ದೇ ಇದೆ. ಬೇಕಾದಾಗ ಅದನ್ನು ಮಾಡೋದಿಲ್ಲ ಅನ್ನೋದೇ ನನ್ನ ತಕರಾರು. ಲೆಗೋ ನೋಡಿ. ಅದರ ಮಿನಿಫಿಗರ್ (ಪುಟ್ಟ ಗೊಂಬೆ) ಬಾಕ್ಸ್‌ನಲ್ಲಿ ಹಿಂದೆ 60 ಪೊಟ್ಟಣ, ಹಂಚಿಕೆ ಏರುಪೇರು. ಈಚೆಗೆ 36ಕ್ಕೆ ಇಳಿಸಿ 12 ಪಾತ್ರಕ್ಕೆ ಮೂರು ಮೂರು ಕೊಡ್ತಾರೆ. ಸಮನಾಗಿ ತುಂಬೋಕೆ ಆಗುತ್ತೆ ಅಂತಾಯ್ತಲ್ಲ! ಅದೇ ಲೆಗೋ 2013ರಲ್ಲಿ ಮಿಸ್ಟರ್ ಗೋಲ್ಡ್ ಅನ್ನೋ ಮಿನಿಫಿಗರ್ ಅನ್ನು ಬರೀ 5,000 ಮಾಡಿತ್ತು, ಆದರೆ ಅದನ್ನು ಹೇಳಿಯೇ ಮಾಡಿತ್ತು. ಫಂಕೋ ಪಾಪ್ ಗೊಂಬೆಗಳ ಚೇಸ್ (ಅದೇ ಪಾತ್ರದ ಅಪರೂಪದ ಬೇರೆ ರೂಪ) ಕೂಡ ಸಾಮಾನ್ಯವಾಗಿ ಆರಕ್ಕೆ ಒಂದು, ಪೆಟ್ಟಿಗೆ ಮೇಲೇ ಸ್ಟಿಕ್ಕರ್ ಇರುತ್ತೆ. ಹೇಳಿ ಮಾಡಿದ ಕೊರತೆ ಬಗ್ಗೆ ನನಗೆ ದೂರಿಲ್ಲ.

ಹೆಣ್ಣು ಪಾತ್ರಗಳ ವಿಷಯದಲ್ಲಂತೂ ಇದನ್ನು ಊಹೆಯ ತಪ್ಪು ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ. 2015ರ ಅವೆಂಜರ್ಸ್ ಚಿತ್ರದಲ್ಲಿ ವಿಮಾನದಿಂದ ಬೈಕ್ ಸಮೇತ ಇಳಿಯೋದು ಬ್ಲ್ಯಾಕ್ ವಿಡೋ. ಹ್ಯಾಸ್ಬ್ರೋ ಸೆಟ್‌ನಲ್ಲಿ ಆ ಬೈಕ್ ಸಿಕ್ಕಿದ್ದು ಕ್ಯಾಪ್ಟನ್ ಅಮೆರಿಕಾಗೆ. ಅದೇ ವರ್ಷ ಹ್ಯಾಸ್ಬ್ರೋದ ಸ್ಟಾರ್ ವಾರ್ಸ್ ಮೊನೊಪಲಿ ಆಟದಲ್ಲಿ ಕಥೆಯ ಕೇಂದ್ರದಲ್ಲಿದ್ದ ನಾಯಕಿ ರೇ ಇರಲಿಲ್ಲ. ಕಥೆ ಬಯಲಾಗಬಾರದು ಅಂತ ಬಿಟ್ಟೆವು ಅಂದರು ಕಂಪನಿಯವರು. ಜನ ಗಲಾಟೆ ಮಾಡಿದ ಮೇಲೆ 2016ರ ಜನವರಿಯಲ್ಲಿ ಸೇರಿಸ್ತೇವೆ ಅಂತ ಒಪ್ಪಿಕೊಂಡರು. ಕಾರ್ಟನ್‌ಗೆ ಒಂದೇ ನಾಯಕಿ ಹಾಕಿ, ಆಮೇಲೆ ಲೆಕ್ಕದ ಪುಸ್ತಕ ತೆರೆದು "ನಾಯಕಿ ಕಡಿಮೆ ಮಾರಾಟ" ಅಂದರೆ ಅದು ಯಾವ ನ್ಯಾಯ? ಇರೋದೇ ಒಂದು, ಮಾರಿದ್ದೂ ಒಂದು.

ನಮ್ಮ ದೇಶದಲ್ಲಿ ಇದರ ಮೇಲೆ ಇನ್ನೊಂದು ಪೆಟ್ಟು. ಆಟಿಕೆ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಇಷ್ಟೆಲ್ಲ ದಾಟಿಸಿ ತರೋ ಆಮದುದಾರ ಎಲ್ಲರಿಗೂ ಗೊತ್ತಿರೋ ನಾಯಕನ ಮೇಲೆಯೇ ದುಡ್ಡು ಹಾಕ್ತಾನೆ.

ಹಾಗಾದರೆ ಬೇಕಾದವರು ಏನು ಮಾಡಬೇಕು? ಹೆಸರು ಹಿಡಿದು ಬಿಡಿಯಾಗಿ ಪ್ರೀ-ಆರ್ಡರ್ ಮಾಡೋ ಅವಕಾಶ ಇದ್ದರೆ ಮೊದಲ ದಿನವೇ ಮಾಡಿ. ಇಲ್ಲದಿದ್ದರೆ ಗೆಳೆಯರು ಸೇರಿ ಪೂರ್ತಿ ಕಾರ್ಟನ್ ತಗೊಳ್ಳಿ, ಆದರೆ ದುಡ್ಡು ಕೊಡೋ ಮೊದಲು ಯಾವ ಪಾತ್ರ ಎಷ್ಟು ಅನ್ನೋ ಪಟ್ಟಿ ಬರವಣಿಗೆಯಲ್ಲಿ ಕೇಳಿ, ಕಾರ್ಟನ್ ಪಕ್ಕದಲ್ಲಿರೋ ಅಸಾರ್ಟ್‌ಮೆಂಟ್ ಸಂಖ್ಯೆಯ (ಒಳಗಿನ ಪಾತ್ರಗಳ ಗುಂಪನ್ನು ಸೂಚಿಸೋ ಸಂಖ್ಯೆ) ಫೋಟೊನೂ ತರಿಸಿಕೊಳ್ಳಿ. ಮೊದಲ ಸಾಗಣೆ ಮತ್ತು ಬದಲಾದ ಸಾಗಣೆಯ ಅನುಪಾತ ಬೇರೆ ಇರಬಹುದು. ಒಂದೇ ಇರೋ ಪಾತ್ರ ಯಾರಿಗೆ ಅಂತ ಪೆಟ್ಟಿಗೆ ಬರೋ ಮೊದಲೇ ಮಾತಾಡಿಕೊಳ್ಳಿ, ಡಬಲ್ ಬಂದ ಫಿಗರ್ ಮಾರಿದ ದುಡ್ಡನ್ನು ಎಲ್ಲರೂ ಹಂಚಿಕೊಳ್ಳಿ. ಕಂಪನಿಗಳಿಗೆ ಬರೆಯೋರು ದಯವಿಟ್ಟು ಇದೊಂದನ್ನು ಕೇಳಿ: ಪಾತ್ರಕ್ಕೊಂದು ಬಾರ್‌ಕೋಡ್ ಕೊಡಿ, ಅನುಪಾತವನ್ನು ಕಾರ್ಟನ್ ಮೇಲೆ ಅಚ್ಚು ಹಾಕಿ.