ಕುಗ್ಗುವುದು ಕಾಂಕ್ರೀಟಿನ ಜನ್ಮಸಿದ್ಧ ಹಕ್ಕು

ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆ, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಸಿದ ರಸ್ತೆ, ಮತ್ತೆ ಬಿರುಕು ಬಿಟ್ಟಿದೆಯಂತೆ. ಇದರಲ್ಲಿ ಸುದ್ದಿ ಏನಿದೆಯೋ! ಸ್ಥಳ ಪರಿಶೀಲನೆಗೆ ಬರುವ ಸಾಹೇಬರ ಉತ್ತರವೂ ನಿಮಗೆಲ್ಲ ಬಾಯಿಪಾಠ: "ಕಾಂಕ್ರೀಟ್ ಒಣಗುವಾಗ ಕುಗ್ಗುತ್ತೆ ಸ್ವಾಮಿ, ಪ್ರಕೃತಿ ನಿಯಮ."

ಒಪ್ಪಿದೆವು. ಕಲಸುವಾಗ ಸುರಿದ ನೀರೆಲ್ಲ ಸಿಮೆಂಟಿಗೆ ಬೇಕಿರುವುದಿಲ್ಲ. ಮಿಕ್ಕಿದ್ದು ಆವಿಯಾಗುತ್ತ ಕಾಂಕ್ರೀಟ್ ಮೈ ಮುದುಡಿಕೊಳ್ಳುತ್ತದೆ. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ ಐಎಸ್ 456 ಸಂಹಿತೆಯ ಅಂದಾಜು ಹಿಡಿದರೆ 10 ಮೀಟರಿಗೆ 3 ಮಿಲಿಮೀಟರ್. ಕೆಳಗಿನ ನೆಲ ಕುಗ್ಗಲು ಬಿಡುವುದಿಲ್ಲ, ಎಳೆ ಕಾಂಕ್ರೀಟಿಗೆ ತಡೆದುಕೊಳ್ಳುವ ಕಸುವಿಲ್ಲ, ಸೀಳುತ್ತದೆ. ಅದಕ್ಕೇ ಹಾಕಿದ ಕೆಲವೇ ಗಂಟೆಗಳಲ್ಲಿ ಕಟರಿನಿಂದ ಗೆರೆ ಕೊಯ್ದು, ಬಿರಿಯುವುದಾದರೆ ಇಲ್ಲೇ ಬಿರಿ ಎಂದು ಜಾಗ ತೋರಿಸಬೇಕು. ನಮ್ಮ ಕಟರ್ ಆ ಹೊತ್ತಿಗೆ ಇನ್ನೊಂದು ಸೈಟಿನಲ್ಲಿರುತ್ತದೆ. ಅದು ಬರುವಷ್ಟರಲ್ಲಿ ಕಾಂಕ್ರೀಟ್ ತನಗಿಷ್ಟ ಬಂದ ಕಡೆ ತಾನೇ ಕೊಯ್ದುಕೊಂಡಿರುತ್ತದೆ. ಎಂಥ ಸ್ವಾವಲಂಬನೆ!

ಕಸುವು ಬರುವ ಮೊದಲೇ ಒಣಗಿ ಬಿರಿಯದಿರಲಿ ಎಂದೇ ಅದೇ ಸಂಹಿತೆ ಕನಿಷ್ಠ 7 ದಿನ ಒದ್ದೆಯಾಗಿಡಿ, ಒಣ ಬಿಸಿಲಿದ್ದರೆ 10 ದಿನ, ಬೂದಿ ಬೆರೆತ ಸಿಮೆಂಟಾದರೆ 14ರವರೆಗೂ ಎಳೆಯಿರಿ ಎನ್ನುತ್ತದೆ. ಆ ಪುಟ ಯಾಕೋ ಸಾಹೇಬರ ಪ್ರತಿಯಲ್ಲಿ ಅಂಟಿಕೊಂಡಿದೆ.

ನೀರಿನ ವಿಷಯದಲ್ಲಿ ನಮ್ಮ ಕಂಟ್ರಾಕ್ಟರುಗಳಷ್ಟು ಮಿತವ್ಯಯಿಗಳು ಇನ್ನಿಲ್ಲ. 2024ರ ಮಾರ್ಚಿನಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತಲ್ಲ, ಇವರು ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೇ ಕ್ಯೂರಿಂಗಿಗೆ, ಅಂದರೆ ಹೀಗೆ ಒದ್ದೆಯಾಗಿಡುವ ಕೆಲಸಕ್ಕೆ, ಹನಿ ನೀರೂ ಮುಟ್ಟದೆ ವ್ರತ ಹಿಡಿದವರು. ಗೋಣಿಚೀಲ ಹಾಸುತ್ತಾರೆ, ಸುಳ್ಳು ಹೇಳಬಾರದು. ಫೋಟೊ ತೆಗೆಯುವ ದಿನ ಅದಕ್ಕೆ ಸ್ನಾನವೂ ಆಗುತ್ತದೆ. ಮಾರನೇ ದಿನದಿಂದ ಹಪ್ಪಳದ ಹಾಗೆ ಗರಿಗರಿ. ಆದರೆ ಮಿಕ್ಸರ್ ಲಾರಿ ಬಂದಾಗ ನೋಡಿ, "ಗಟ್ಟಿ ಇದೆ, ಸ್ವಲ್ಪ ನೀರು ಬಿಡಣ್ಣ" ಎಂದು ಪೈಪು ತೂರಿಸಿಬಿಡುತ್ತಾರೆ. ಸೇರಬಾರದ ಕಡೆ ಧಾರಾಳ, ಬೇಕಾದ ಕಡೆ ಬರಗಾಲ.

ಊರಲ್ಲಿ ಮನೆ ಕಟ್ಟಿಸುವ ಅಜ್ಜಿಯನ್ನು ಕೇಳಿ. ತಾರಸಿ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾಳೆ, ಮೇಸ್ತ್ರಿ ಮರೆತರೆ ತಾನೇ ಬಿಂದಿಗೆ ಹೊತ್ತು ಹತ್ತುತ್ತಾಳೆ. ಅವಳಿಗೆ ಐಎಸ್ ಗೊತ್ತಿಲ್ಲ, ಹಾಕಿದ ದುಡ್ಡು ಗೊತ್ತು. ಕೋಟಿಗಟ್ಟಲೆ ನಮ್ಮ ದುಡ್ಡು ಹಾಕುವವರಿಗೆ ಒಂದು ವಾರ ನೀರು ಹೊಡೆಸಲು ಆಗುವುದಿಲ್ಲವೇನ್ರಿ? ಉದ್ಘಾಟನೆಯ ತಾರೀಕನ್ನು ಸಿಮೆಂಟನ್ನು ಕೇಳಿ ಇಡುವುದಿಲ್ಲ, ಸಚಿವರ ಡೈರಿ ನೋಡಿ ಇಡುತ್ತಾರೆ. ಇದು ಪ್ರಕೃತಿ ನಿಯಮವಲ್ಲ, ಸೋಮಾರಿತನ. ಹೇಳಿ ಹೇಳಿ ಸಾಕಾಗಿದೆ.

ಈಗ ಬಿರುಕಿಗೆ ಸಿಮೆಂಟ್ ಹಾಲು ಸುರಿಯುತ್ತಾರೆ, ಬೇರೆ ಬಿಲ್ಲಿನಲ್ಲಿ. ಅದಕ್ಕೂ ನೀರು ಹೊಡೆಯುವುದಿಲ್ಲ.