ಎರಡು-ಹನ್ನೆರಡರ ಬಳೆ

ಸೋದರಮಾವ ಮನೆಗೆ ಬಂದಾಗ ಒಂದು ಹಳೇ ರೆಕ್ಸಿನ್ ಚೀಲ ಕೊಟ್ಟು ಹೋದರು. "ನನ್ನ ಕ್ಯಾಮೆರಾ ಕೆಟ್ಟು ಯಾವ ಕಾಲ ಆಯ್ತೋ. ಫಿಲ್ಟರ್ ಮಾತ್ರ ಗಟ್ಟಿಯಾಗಿದೆ. ಜೋಗಕ್ಕೆ ಹೋದ್ರೆ ಇದರಲ್ಲೇ ತೆಗಿ, ನನಗೊಂದು ಫೋಟೋ ಕಳಿಸು" ಅಂದರು.

ಒಳಗೆ ಕೋಕಿನ್ ಕಂಪನಿಯ ಪಿ ಸೈಜಿನ ಫಿಲ್ಟರ್ ಹೋಲ್ಡರು, ಜೊತೆಗೆ 84 ಮಿ.ಮೀ. ಅಗಲದ ಒಂದು ಫಿಲ್ಟರು. ಮೇಲರ್ಧ ಬೂದು, ಕೆಳಗರ್ಧ ಬರೀ ಗಾಜಿನ ಹಾಗೆ. ಬೆಳ್ಳಗೆ ಬಿಳಿಚಿಕೊಳ್ಳುವ ಆಕಾಶವನ್ನು ಸ್ವಲ್ಪ ಹದಕ್ಕೆ ತರೋದು ಇದರ ಕೆಲಸ. ಫ್ರಾನ್ಸಿನ ಫೋಟೋಗ್ರಾಫರ್ ಜ್ಯಾಂ ಕೋಕ್ಯಾಂ 1978ರಲ್ಲಿ ಮಾರುಕಟ್ಟೆಗೆ ತಂದ ಪದ್ಧತಿ ಇದು. ಲೆನ್ಸಿಗೆ ಒಂದು ರಿಂಗ್ ತಿರುಗಿಸಿ ಹಾಕಬೇಕು, ರಿಂಗಿಗೆ ಹೋಲ್ಡರ್ ಸಿಕ್ಕಿಸಬೇಕು, ಹೋಲ್ಡರಿಗೆ ಫಿಲ್ಟರ್ ಇಳಿಬಿಡಬೇಕು. ಲೆನ್ಸ್ ಬದಲಾದರೆ ರಿಂಗ್ ಬದಲಾಯಿಸಿದರೆ ಸಾಕು. ಜಾಣ ಏರ್ಪಾಡು. ಆದರೆ ಮಾವನ ರಿಂಗು 52 ಮಿ.ಮೀ., ನನ್ನ ಲೆನ್ಸಿನ ಬಾಯಿ 67.

67ರ ರಿಂಗಿಗೆ ಕೆಲವು ನೂರು ರೂಪಾಯಿ ಅಷ್ಟೇ. ತರಿಸಿದರೆ ಮುಂದಿನ ವಾರ ಬರುತ್ತೆ. ನಾವು ಜೋಗಕ್ಕೆ ಹೊರಟಿದ್ದು ಶನಿವಾರ, ಅವತ್ತು ಬುಧವಾರ. ಅದೂ ಅಲ್ಲದೆ, ಮಿಕ್ಸಿ ವಾಷರನ್ನು ಚಪ್ಪಲಿ ಕತ್ತರಿಸಿ ಮಾಡಿಕೊಂಡ ವಂಶ ನಮ್ಮದು.

ಡ್ರಾಯರಿನಲ್ಲಿ ಒಂದು ಒಡೆದ ಯುವಿ ಫಿಲ್ಟರ್ ಇತ್ತು. ಹಿಂದೊಮ್ಮೆ ಕ್ಯಾಮೆರಾ ಬಿದ್ದಾಗ ತಾನು ಸತ್ತು ಲೆನ್ಸನ್ನು ಉಳಿಸಿದ್ದು. ಅದರ ಗಾಜು ಬಿಡಿಸಿದೆ. ಉಳಿದ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ 67ರ ತಿರುಪಿನ ಮರೆ ಹಾಗೇ ಇತ್ತು. ಇದನ್ನು ಹೋಲ್ಡರಿನ ಬಾಯಿಗೆ ಕೂರಿಸಬೇಕು. ಆ ಬಾಯಿ ತುಂಬಾ ದೊಡ್ಡದು. ಮಧ್ಯೆ ತುಂಬೋಕೆ ಉಪ್ಪಿನಕಾಯಿ ಡಬ್ಬಿ ಮುಚ್ಚಳ ಸಿಕ್ಕಿತು, ನಡುವೆ ತೂತು ಕೊರೆದೆ. ತೂತು ನೀಟಾಗಿ ಬರಲಿಲ್ಲ, ಇಲಿ ಕಡಿದ ಹಾಗೆ ಬಂತು. ಅದಕ್ಕೆ ಅಂಚು ಕಟ್ಟೋಕೆ ಗುಂಡಗಿರುವ, ಗಟ್ಟಿಯಾದ, ಚೌಕಟ್ಟು ಹಿಡಿಸುವಷ್ಟು ಅಂದರೆ ಒಳಗೆ 70 ಮಿ.ಮೀ. ಇರುವ ಒಂದು ವಸ್ತು ಬೇಕಾಯಿತು.

ಹೆಂಡತಿಯ ಕೈ ನೋಡಿದಾಗ ಹೊಳೆಯಿತು.

ಬಳೆ ಅಳತೆ ಲೆಕ್ಕ ಗೊತ್ತಲ್ವಾ? ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ ಇಂಚಿಗೆ ಹದಿನಾರು ಭಾಗ. ಎರಡು-ನಾಲ್ಕು ಅಂದರೆ ಎರಡು ಇಂಚು, ಮೇಲೆ ಹದಿನಾರರಲ್ಲಿ ನಾಲ್ಕು. ಅಂದರೆ 57 ಮಿ.ಮೀ. ಚಿಲ್ಲರೆ. ಹೀಗೇ ಏರುತ್ತಾ ಹೋದರೆ ಎರಡು-ಹನ್ನೆರಡಕ್ಕೆ 69.85 ಬರುತ್ತೆ! ಫಿಲ್ಟರ್ ಮಾಡುವವರೂ ಬಳೆ ಮಾಡುವವರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿ ತೀರ್ಮಾನಿಸಿದ ಹಾಗಿತ್ತು.

ಗಾಂಧಿ ಬಜಾರಿನ ಬಳೆ ಅಂಗಡಿಯಲ್ಲಿ ಕೇಳಿದೆ. "ಎರಡು-ಹನ್ನೆರಡಾ? ಯಾರ ಕೈಗೆ ಸಾರ್?"

"ಕೈಗಲ್ಲ" ಅಂದೆ.

ಆಕೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಜೇಬಿಂದ ಯುವಿ ಚೌಕಟ್ಟು ತೆಗೆದು ಒಂದೊಂದೇ ಬಳೆಯೊಳಗೆ ತೂರಿಸಿ ನೋಡತೊಡಗಿದೆ. ಪಕ್ಕದಲ್ಲಿ ಸೀಮಂತಕ್ಕೆ ಹಸಿರು ಬಳೆ ಆರಿಸುತ್ತಿದ್ದವರು ಎರಡು ಹೆಜ್ಜೆ ಸರಿದು ನಿಂತರು. ಕೊನೆಗೆ ಒಂದು ಕಪ್ಪು ಪ್ಲಾಸ್ಟಿಕ್ ಬಳೆ ಟಕ್ ಅಂತ ಕೂತಿತು. "ಡಜನ್ನಿಗಿಂತ ಕಮ್ಮಿ ಕೊಡಲ್ಲ" ಅಂದರು. ಹನ್ನೆರಡೂ ತಂದೆ. ನಮ್ಮಾಕೆ ಒಂದನ್ನು ಹಾಕಿಕೊಂಡಳು. ಅದು ಸಲೀಸಾಗಿ ಮೊಣಕೈವರೆಗೆ ಹೋಯಿತು. ಏನೂ ಹೇಳಲಿಲ್ಲ. ಉಪ್ಪಿನಕಾಯಿ ಡಬ್ಬಿಗೆ ತಟ್ಟೆ ಮುಚ್ಚಿ ಬಂದಳು.

ಚೌಕಟ್ಟು, ಬಳೆ, ಮುಚ್ಚಳ ಮೂರನ್ನೂ ಐದು ರೂಪಾಯಿಯ ಸೂಪರ್ ಗ್ಲೂ ಗೋಂದಿನಲ್ಲಿ ಅಂಟಿಸಿದೆ. ಕೆಂಪು ಮುಚ್ಚಳದ ಬಣ್ಣ ಫೋಟೋಗೆ ಹತ್ತಬಾರದು ಅಂತ ಒಳಗೆಲ್ಲ ಕಾಡಿಗೆ ಬಳಿದೆ. ಯಾರ ಕಾಡಿಗೆ ಅನ್ನೋದು ಬೇಡ. ಹೋಲ್ಡರಿಗೆ ಸಿಕ್ಕಿಸಿ, ಫಿಲ್ಟರೂ ಇಳಿಬಿಟ್ಟು, ಧೂಳು ಕೂರದಿರಲಿ ಅಂತ ಸ್ಟೀಲ್ ಡಬ್ಬಿಯಲ್ಲಿಟ್ಟು ಭದ್ರವಾಗಿ ಮುಚ್ಚಿದೆ.

ಅದೇ ತಪ್ಪಾಗಿದ್ದು. ಆ ಗೋಂದು ಒಣಗುವಾಗ ಆವಿ ಬಿಡುತ್ತೆ, ಆವಿ ಪಕ್ಕದ ವಸ್ತುವಿನ ಮೇಲೆ ಬೆಳ್ಳಗೆ ಕೂರುತ್ತೆ. ಬೆರಳ ಜಿಡ್ಡು ಇದ್ದ ಕಡೆ ಜಾಸ್ತಿ. ಕಳ್ಳರ ಬೆರಳ ಗುರುತು ಹಿಡಿಯೋಕೆ ಪೊಲೀಸರು ಬಳಸೋದೂ ಇದೇ ಆವಿಯನ್ನು. ಬೆಳಿಗ್ಗೆ ಡಬ್ಬಿ ತೆಗೆದರೆ ಫಿಲ್ಟರಿನ ತುಂಬ ಮಂಜು, ನಟ್ಟ ನಡುವೆ ನನ್ನ ಹೆಬ್ಬೆಟ್ಟು. ಗೆರೆ ಗೆರೆ ಎಣಿಸಬಹುದಿತ್ತು, ಸಾಲಪತ್ರಕ್ಕೆ ಒತ್ತಿದ ಹಾಗೆ. ಒರೆಸಿದೆ. ಅರ್ಧ ಹೋಯಿತು.

ಜೋಗದಲ್ಲಿ ಜುಲೈ ತಿಂಗಳ ಮಂಜು. 830 ಅಡಿ ಎತ್ತರದಿಂದ ಶರಾವತಿ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಒಂದೂವರೆ ಗಂಟೆ ಕಾದೆವು. ಇದ್ದಕ್ಕಿದ್ದಂತೆ ಪರದೆ ಎಳೆದ ಹಾಗೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಾಣಿಸಿದವು. ಜನ ಹೋ ಅಂದರು. ನಾನು ಕಣ್ಣಿಟ್ಟು ನೋಡಿದರೆ ನಾಲ್ಕು ಮೂಲೆಯೂ ಕಪ್ಪು. ಬಳೆ, ಮುಚ್ಚಳ ಎಲ್ಲ ಸೇರಿ ಲೆನ್ಸಿನ ಮುಂದೆ ಎರಡು ಬೆರಳು ಚಾಚಿಕೊಂಡಿದ್ದವು. ಜೋಗವನ್ನು ಉಪ್ಪಿನಕಾಯಿ ಡಬ್ಬಿಯೊಳಗಿಂದ ಇಣುಕಿ ನೋಡಿದ ಹಾಗಿತ್ತು. ವಾಸನೆಯೂ ಅದೇ.

ಬಿಚ್ಚೋಣ ಅಂದರೆ ತಿರುಗಲೊಲ್ಲದು. ಹಿಂದೆ ಬಿದ್ದ ಪೆಟ್ಟಿಗೆ ಚೌಕಟ್ಟು ಕೂದಲೆಳೆಯಷ್ಟು ಸೊಟ್ಟಗಾಗಿತ್ತು, ಮರೆ ಅಡ್ಡ ಹತ್ತಿ ಕಚ್ಚಿಕೊಂಡಿತ್ತು. ಹೋಲ್ಡರನ್ನು ಹಿಡಿದು ಎಳೆದಾಗ ಬಳೆಯಿಂದ ಮುಂದಿನದೆಲ್ಲ ಕೈಗೆ ಬಂತು, ಚೌಕಟ್ಟು ಮಾತ್ರ ಲೆನ್ಸಿನಲ್ಲೇ ಉಳಿಯಿತು. ಹಿಡಿಯೋಕೆ ಏನೂ ಇಲ್ಲ. ಇದಕ್ಕೊಂದು ಮದ್ದಿದೆ: ಚಪ್ಪಟೆಯಾದ ರಬ್ಬರನ್ನು ಮುಂದಿನಿಂದ ಸಮನಾಗಿ ಒತ್ತಿ ತಿರುಗಿಸಬೇಕು. ಅಲ್ಲಿದ್ದ ಚಪ್ಪಟೆ ರಬ್ಬರು ಅಂದರೆ ನನ್ನ ಹವಾಯಿ ಚಪ್ಪಲಿ. ಅಂಗಿಯ ತುದಿಯಲ್ಲಿ ಒರೆಸಿ, ಒಂಟಿ ಕಾಲಲ್ಲಿ ನಿಂತು, ಕ್ಯಾಮೆರಾ ಮುಖಕ್ಕೆ ಚಪ್ಪಲಿ ಒತ್ತಿ ತಿರುಗಿಸಿದೆ. ಒಂದು ಮಗು "ಅಮ್ಮಾ, ಆ ಅಂಕಲ್ ಕ್ಯಾಮೆರಾಗೆ ಚಪ್ಪಲೀಲಿ ಹೊಡೀತಿದಾರೆ" ಅಂತ ಕೂಗಿತು.

ಚೌಕಟ್ಟು ಕಳಚಿತು. ತಲೆ ಎತ್ತಿದೆ. ಬರೀ ಮಂಜು.

ನಮ್ಮಾಕೆ ಆ ಐದು ನಿಮಿಷದಲ್ಲಿ ಫೋನಿನಲ್ಲಿ ಹನ್ನೊಂದು ಫೋಟೋ ತೆಗೆದಿದ್ದಳು. ಒಂದನ್ನು ಮಾವನಿಗೂ ಕಳಿಸಿದ್ದಳು. ರಾತ್ರಿ ಮಾವನ ಫೋನ್ ಬಂತು.

"ನೋಡಿದ್ಯೇನೋ, ಆಕಾಶ ಹೆಂಗೆ ಬಂದಿದೆ! ಹಳೇ ಫಿಲ್ಟರು ಹಳೇ ಫಿಲ್ಟರೇ ಕಣೋ."

"ಹೌದು ಮಾವ" ಅಂದೆ.