ಎಂ.ಎಸ್. ಬ್ಲೂ ಸೀರೆಯೂ ಗೋಡೆಯ ಸ್ವಿಚ್ಚೂ

ಅಪ್ಪನ ಎಪ್ಪತ್ತರ ಭೀಮರಥ ಶಾಂತಿಯ ದಿನ ಅಮ್ಮ ಉಟ್ಟಿದ್ದು ಎಂ.ಎಸ್. ಬ್ಲೂ ಬಣ್ಣದ ರೇಷ್ಮೆ ಸೀರೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರು ಹೊತ್ತ ಆ ಬಣ್ಣವನ್ನು ಅಮ್ಮನ ಓರಗೆಯವರ ಎದುರು ಬರಿದೇ ‘ನೀಲಿ’ ಎಂದರೆ, ಕಚೇರಿಯಲ್ಲಿ ರಾಗದ ಹೆಸರು ತಪ್ಪು ಹೇಳಿದವನನ್ನು ನೋಡುವಂತೆ ನೋಡುತ್ತಾರೆ. ಆ ದಿನದ ಫೋಟೋವೊಂದನ್ನು ಹನುಮಂತನಗರದ ನಮ್ಮ ಮನೆಯ ಗೋಡೆಗೆ ಹಾಕಬೇಕೆಂದು ತೀರ್ಮಾನವಾಯಿತು. ಗಾಂಧಿ ಬಜಾರಿನ ಕಡೆ ಯಾವುದಾದರೂ ಸ್ಟುಡಿಯೋಗೆ ಕೊಟ್ಟಿದ್ದರೆ ಎರಡು ಮಸಾಲೆ ದೋಸೆಯ ದುಡ್ಡಿನಲ್ಲಿ ಮುಗಿಯುತ್ತಿದ್ದ ಕೆಲಸವನ್ನು, ಮನೆಯಲ್ಲೇ ಇಂಕ್‌ಜೆಟ್ ಪ್ರಿಂಟರ್ ಇರುವಾಗ ಹೊರಗೇಕೆ ಎಂದು ನಾನೇ ಮೈಮೇಲೆ ಎಳೆದುಕೊಂಡೆ.

ಮೊದಲ ಪ್ರತಿಯಲ್ಲಿ ಸೀರೆ ಈಜುಕೊಳದ ನೀರಿನ ಬಣ್ಣಕ್ಕೆ ತಿರುಗಿತ್ತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಅಪ್ಪ, ಅಮ್ಮ, ಪುರೋಹಿತರು, ಹಿಂದೆ ಹೂವಿನ ತಟ್ಟೆ ಹಿಡಿದು ನಿಂತಿದ್ದ ಭಾವ, ಎಲ್ಲರ ಮುಖವೂ ಹೆಸರುಕಾಳು ನೆನೆಸಿದ ನೀರಿನಂತೆ ತಿಳಿಹಸಿರಾಗಿ, ಅಮ್ಮನ ಹಣೆಯ ಕುಂಕುಮ ಅರಿಶಿನವಾಗಿಬಿಟ್ಟಿತ್ತು. ನಮ್ಮಂಥ ಪ್ರಿಂಟರಿನಲ್ಲಿ ಕೆಂಪೆಂಬ ಇಂಕು ಇರುವುದಿಲ್ಲ, ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಕಡುಗುಲಾಬಿ, ಹಳದಿ, ಕಪ್ಪು ಇಷ್ಟೇ. ಮಜೆಂಟಾ ಮತ್ತು ಹಳದಿ ಸೇರಿದರೆ ಕೆಂಪು. ಕುಂಕುಮ ಅರಿಶಿನವಾಗಿದೆಯೆಂದರೆ ಮಜೆಂಟಾ ಕೈಕೊಟ್ಟಿದೆ ಎಂದೇ ಅರ್ಥ. ನಾಝಲ್ ಚೆಕ್ ಎಂಬ ಪರೀಕ್ಷೆಯ ಹಾಳೆ ತೆಗೆದು ನೋಡಿದರೆ ಉಳಿದ ಮೂರು ಬಣ್ಣಗಳ ಗೆರೆಗಳು ಅಚ್ಚುಕಟ್ಟಾಗಿದ್ದವು. ಮಜೆಂಟಾ ಇರಬೇಕಾದಲ್ಲಿ ಬರೀ ಬಿಳಿ ಹಾಳೆಯಿತ್ತು.

ಇದರ ಮೂಲ ನಮ್ಮ ಮನೆಯ ಒಂದು ಸದ್ಗುಣದಲ್ಲಿತ್ತು. ಇಂಕು ಚಿಮ್ಮುವ ರಂಧ್ರಗಳು ಕೂದಲೆಳೆಗಿಂತ ಸಣ್ಣವು. ಪ್ರಿಂಟರನ್ನು ಅದರದೇ ಗುಂಡಿಯೊತ್ತಿ ಆರಿಸಿದರೆ, ಹೆಡ್ ಎಂಬ ಭಾಗ ಗುರುಗುಟ್ಟುತ್ತ ತನ್ನ ಮೂಲೆಗೆ ಸೇರಿ ರಬ್ಬರಿನ ಮುಚ್ಚಳದ ಮೇಲೆ ಕುಳಿತುಕೊಳ್ಳುತ್ತದೆ. ಅದು ಮೂಲೆ ಸೇರುವ ಮುಂಚೆಯೇ ಗೋಡೆಯ ಸ್ವಿಚ್ಚು ಆರಿಸಿದರೆ ದಾರಿಯಲ್ಲೇ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ಇಂಕು ಒಣಗಲು ಹೆಚ್ಚು ದಿನ ಬೇಕಿಲ್ಲ. ನಮ್ಮ ಅಪ್ಪನಾದರೋ ಪ್ರದಕ್ಷಿಣೆ ಹಾಕುವ ಶ್ರದ್ಧೆಯಿಂದ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತ ಬರುವವರು. ನಾನು ಊಟಕ್ಕೆ ಎದ್ದರೆ ಸಾಕು, ಪ್ರಿಂಟರಿನ ಪ್ರಾಣ ಹೋಗಿರುತ್ತದೆ.

ಹೆಡ್ ಕ್ಲೀನಿಂಗ್ ಮಾಡಿಸಿದೆ, ಮೂರು ಸಲ. ಕಟ್ಟಿಕೊಂಡಿದ್ದು ಒಂದೇ ಬಣ್ಣವಾದರೂ ಶುಚಿಯ ನೆಪದಲ್ಲಿ ಯಂತ್ರ ನಾಲ್ಕೂ ಬಣ್ಣಗಳನ್ನು ಗುಟುಕರಿಸಿ, ಒಳಗಿನ ಸ್ಪಂಜಿಗೆ ಸುರಿದುಕೊಂಡಿತು. ಮಜೆಂಟಾ ಮರಳಿ ಬಂತು.

ಬಂದದ್ದು ಬಾಕಿಯನ್ನೂ ಬಡ್ಡಿಯನ್ನೂ ಸೇರಿಸಿಕೊಂಡು ಬಂತು. ಎರಡನೆಯ ಪ್ರತಿಯಲ್ಲಿ ಸೀರೆ ಬದನೆಕಾಯಿ ಬಣ್ಣದ್ದಾಗಿ, ಅಪ್ಪನ ಮುಖ ಹುಣಿಸೆಹಣ್ಣು ಹಚ್ಚಿ ತೊಳೆದ ತಾಮ್ರದ ಚೊಂಬಿನಂತೆ ಹೊಳೆಯುತ್ತಿತ್ತು. ನೀಲಿ ಬಹಳ ಅಪಾಯದ ಬಣ್ಣ. ಸಯಾನ್ ಮತ್ತು ಮಜೆಂಟಾ ಸೇರಿ ನೀಲಿಯಾಗಬೇಕು. ಮಜೆಂಟಾದ ಕೈ ಸ್ವಲ್ಪ ಮೇಲಾದರೂ ನೇರಳೆಯತ್ತ ಜಾರುತ್ತದೆ. ನನ್ನ ವಿಷಯದಲ್ಲಿ ಫೋಟೋ ತಂತ್ರಾಂಶ ಒಮ್ಮೆ ಬಣ್ಣ ತಿದ್ದಿ ಕಳಿಸಿತ್ತು, ಪ್ರಿಂಟರನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಅದನ್ನೇ ಮತ್ತೊಮ್ಮೆ ತಿದ್ದಿತ್ತು. ಅತ್ತೆ ಸೊಸೆ ಇಬ್ಬರೂ ಸಾರಿಗೆ ಉಪ್ಪು ಹಾಕಿದ ಕಥೆ. ಸಾಲದ್ದಕ್ಕೆ, ಹೊಳೆಯುವ ಫೋಟೋ ಹಾಳೆಯಿಟ್ಟು ಸೆಟ್ಟಿಂಗಿನಲ್ಲಿ ‘ಪ್ಲೇನ್ ಪೇಪರ್’ ಎಂದೇ ಬಿಟ್ಟಿದ್ದೆ. ಪ್ರಿಂಟರು ಎಷ್ಟು ಇಂಕು ಸುರಿಯಬೇಕೆಂಬುದನ್ನು ಹಾಳೆಯ ಮುಖ ನೋಡಿ ನಿರ್ಧರಿಸುವುದಿಲ್ಲ, ನಾವು ಹೇಳಿದ ಹೆಸರನ್ನು ನಂಬುತ್ತದೆ.

ಡ್ರೈವರಿನ ತಿದ್ದುವಿಕೆಯನ್ನು ನಿಲ್ಲಿಸಿ, ಹಾಳೆಯ ಹೆಸರು ಸರಿಪಡಿಸಿ, ಆ ಹಾಳೆಗೆಂದೇ ಇರುವ ಐಸಿಸಿ ಪ್ರೊಫೈಲನ್ನು ಹುಡುಕಿ ಹಾಕಿದೆ. ಬಣ್ಣಗಳು ಯಂತ್ರದಿಂದ ಯಂತ್ರಕ್ಕೆ ಹೋಗುವಾಗ ಮಾತು ಬದಲಿಸಬಾರದೆಂದು 1993ರಲ್ಲಿ ಕೆಲವು ಕಂಪನಿಗಳು ಸೇರಿ ಕಟ್ಟಿದ ಇಂಟರ್‌ನ್ಯಾಷನಲ್ ಕಲರ್ ಕನ್ಸೋರ್ಷಿಯಂ ಎಂಬ ಒಕ್ಕೂಟದ ಹೆಸರು ಅದರ ಮೇಲಿದೆ. ಇಂಥ ಹಾಳೆಯ ಮೇಲೆ ಇಂಥ ಇಂಕು ಹೀಗೆ ಕಾಣುತ್ತದೆ ಎಂಬ ಜಾತಕ ಅದು. ಪ್ರೊಫೈಲು ಪ್ರಿಂಟರ್ ಕಂಪನಿಯ ಇಂಕಿನದು. ಟ್ಯಾಂಕಿನಲ್ಲಿದ್ದದ್ದು ನಾನು ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಅಗ್ಗದ ಇಂಕು. ಜಾತಕ ಒಬ್ಬನದು, ಹಸೆಮಣೆಯ ಮೇಲೆ ಕುಳಿತವನು ಮತ್ತೊಬ್ಬ. ಮೂರನೆಯ ಪ್ರತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿಯ ಇಂಕನ್ನೇ ತಂದು ಹಾಕಿದ ಮೇಲೆ ಬಂದ ನಾಲ್ಕನೆಯದೂ ಮಂಕಾಗಿ, ನೀಲಿ ಛಾಯೆಯಿಂದ ಬಂತು. ಸಂಜೆಯಾದೊಡನೆ ಪರದೆಯನ್ನು ಹಳದಿಯಾಗಿಸುವ ರಾತ್ರಿ ಬೆಳಕಿನ ಸೌಲಭ್ಯವನ್ನು ಆರಿಸದೆ, ಇಲ್ಲದ ಹಳದಿಯನ್ನು ಚಿತ್ರದಿಂದ ನಾನೇ ಕಷ್ಟಪಟ್ಟು ತೆಗೆದಿದ್ದೆ. ಪರದೆಯ ಬೆಳಕಂತೂ ಪೂರ್ತಿ ನೂರಕ್ಕಿತ್ತು. ಹಿಂದಿನಿಂದ ದೀಪ ಹಿಡಿಸಿಕೊಂಡ ಚಿತ್ರದ ಕಳೆ ಬರೀ ಹಾಳೆಗೆ ಎಲ್ಲಿಂದ ಬರಬೇಕು?

ಐದನೆಯ ಪ್ರತಿ ಸರಿಯಾಗಿತ್ತು. ಇಂಕು ಆರಲೆಂದು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಅಮ್ಮನ ಕೈಗೆ ಕೊಟ್ಟೆ. ಅಮ್ಮನ ಬಲಗಣ್ಣಿನ ಪೊರೆ ತೆಗೆಸಿ ಆರು ತಿಂಗಳಾಗಿದೆ, ಎಡಗಣ್ಣು ಇನ್ನೂ ಸರದಿಯಲ್ಲಿದೆ. ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ಅಮ್ಮ ಎಡಗಣ್ಣು ಮುಚ್ಚಿ ನೋಡಿ, “ತೀರಾ ಢಾಳಾಯಿತು” ಎಂದರು. ಬಲಗಣ್ಣು ಮುಚ್ಚಿ ನೋಡಿ, “ಹಾಂ, ಇದೇ ನನ್ನ ಸೀರೆ” ಎಂದರು. ಪಂಚಾಯ್ತಿಗೆಂದು ಬೀರುವಿನಿಂದ ಸೀರೆಯನ್ನೇ ತೆಗೆಸಿದೆ. ನುಸಿಗುಳಿಗೆಯ ವಾಸನೆಯೊಡನೆ ಮಡಿಕೆ ಬಿಚ್ಚಿದ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದಾಗ ಫೋಟೋಗೆ ಹೊಂದಿತು, ಬಾಲ್ಕನಿಯ ಬಿಸಿಲಿಗೆ ಒಯ್ದರೆ ಬೇರೆಯಾಯಿತು. ಇಂಕೂ ರೇಷ್ಮೆಯ ಬಣ್ಣವೂ ಒಂದು ಬೆಳಕಿನಲ್ಲಿ ಕೂಡಿದವು ಇನ್ನೊಂದರಲ್ಲಿ ಅಗಲುವುದುಂಟು. ಅಮ್ಮನಿಗೆ ಅದು ಬೇಕಿರಲಿಲ್ಲ. ಹೊಸ ಕಣ್ಣಿನಿಂದ ಸೀರೆಯನ್ನು ಮೊದಲ ಸಲ ನೆಟ್ಟಗೆ ನೋಡಿದ ಅವರು ಸೆರಗನ್ನು ತಿರುವಿ ತಿರುವಿ, “ಅಯ್ಯೋ, ಇದು ಎಂ.ಎಸ್. ಬ್ಲೂ ಅಲ್ಲವೇ ಅಲ್ಲ, ಅಂಗಡಿಯವನು ಟೋಪಿ ಹಾಕಿದ್ದಾನೆ” ಎಂದುಬಿಟ್ಟರು.

ಫೋಟೋ ಗೋಡೆಗೇರಿತು. ಹತ್ತು ದಿನ ಮೈಸೂರಿಗೆ ಹೋಗಿಬಂದ ಮೇಲೆ, ಪ್ರಿಂಟರಿನ ಸ್ವಿಚ್ಚಿನ ಮೇಲೆ ಅಂಟಿಸಲೆಂದು ‘ದಯವಿಟ್ಟು ಇದನ್ನು ಆರಿಸಬೇಡಿ’ ಎಂದು ದಪ್ಪ ಕೆಂಪಕ್ಷರಗಳಲ್ಲಿ ಮುದ್ರಿಸಿದೆ. ಅಷ್ಟರಲ್ಲಿ ಮಜೆಂಟಾ ಮತ್ತೆ ಕಟ್ಟಿಕೊಂಡಿತ್ತು. ಅಕ್ಷರಗಳೆಲ್ಲ ನಿಂಬೆಹಣ್ಣಿನ ಹಳದಿಯಲ್ಲಿ ಬಂದವು. ಇನ್ನೊಮ್ಮೆ ಶುಚಿ ಮಾಡಿಸಿ ಇಂಕು ಕಳೆಯಲು ಮನಸ್ಸಾಗದೆ ಅದನ್ನೇ ಅಂಟಿಸಿದೆ. ಪೊರೆ ತೆಗೆಸಲು ಇನ್ನೂ ಒಪ್ಪದ ಅಪ್ಪ ಆ ರಾತ್ರಿ ಪ್ರದಕ್ಷಿಣೆ ಬಂದವರು, “ಸ್ವಿಚ್ಚಿನ ಮೇಲೆ ಖಾಲಿ ಕಾಗದ ಯಾರು ಅಂಟಿಸಿದ್ದು?” ಎಂದು ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ, ಸ್ವಿಚ್ಚು ಆರಿಸಿ ಮಲಗಲು ಹೋದರು.